ಮಡಿಸದ ಕಾಗದ

ಸೈನ್ಯದ ದಾಸ್ತಾನು ಕೋಣೆಯಲ್ಲಿ ಹೆಂಗಸರ ಅಳತೆ ಎಂಬುದೇ ಇರಲಿಲ್ಲ. ಇದ್ದದ್ದೆಲ್ಲ ಗಂಡಸರ ಸೈಜು. ಅದರಲ್ಲೇ ಎಲ್ಲಕ್ಕಿಂತ ಸಣ್ಣದನ್ನು ಹುಡುಕಿ ಕೈಗಿಟ್ಟು, "ಹೊಂದಿಸ್ಕೊಳಮ್ಮ" ಎನ್ನುತ್ತಿದ್ದರು. ಹೆಂಗಸು ಎಂದರೆ ಒಗೆದು ಒಗೆದು ಕುಗ್ಗಿಹೋದ ಗಂಡಸು ಎಂಬುದು ಆ ಸೈಜುಗಳನ್ನು ಗೊತ್ತುಮಾಡಿದ ಪುಣ್ಯಾತ್ಮರ ತಿಳಿವಳಿಕೆ. ಪ್ಯಾಂಟು ಸೊಂಟಕ್ಕೆ ಸರಿಹೋದರೆ ಸೀಟಿನಲ್ಲಿ ಬಿಗಿ, ಸೀಟಿಗೆ ಸರಿಹೋದರೆ ಸೊಂಟದಲ್ಲಿ ಇನ್ನೊಬ್ಬಳು ಇಳಿಯುವಷ್ಟು ಜಾಗ. ತೋಳಂತೂ ಬೆರಳ ತುದಿ ದಾಟಿ ಜೋತಾಡುತ್ತಿತ್ತು. ಹುಡುಗಿಯರು ತೋಳು ಮಡಿಸುತ್ತಿದ್ದರು, ಬೆಲ್ಟು ಬಿಗಿಯುತ್ತಿದ್ದರು, ಬೆನ್ನ ಹಿಂದೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು, ಮಿಕ್ಕ ಹೊತ್ತಿನಲ್ಲಿ ದೇಶ ಕಾಯುತ್ತಿದ್ದರು.

ಈ ಬಟ್ಟೆಗಳನ್ನು ಹೊಲಿಯುತ್ತಿದ್ದ ಕಾರ್ಖಾನೆಯಲ್ಲಿ ಪ್ಯಾಟರ್ನು ಮಾಡುತ್ತಿದ್ದವಳು ಕತ್ತರಿಯಕ್ಕ. ಅವಳಿಗೂ ಎಲ್ಲರಂತೆ ಅಪ್ಪ ಅಮ್ಮ ಇಟ್ಟ ಹೆಸರಿತ್ತು, ಆದರೆ ಹಾಜರಿ ಕೂಗುವವನನ್ನು ಬಿಟ್ಟರೆ ಇನ್ನಾರಿಗೂ ಅದು ನೆನಪಿರಲಿಲ್ಲ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಂಗಿಯ ಒಂದೊಂದು ತುಂಡನ್ನೂ ದಪ್ಪ ಕಾಗದದ ಮೇಲೆ ಬರೆದು ಕತ್ತರಿಸಿಕೊಡುವುದು ಅವಳ ಕೆಲಸ. ಅಲ್ಲಿ ನಡುವಿನ ಸೈಜನ್ನು 'ತಾಯಿ' ಎನ್ನುತ್ತಿದ್ದರು. ಮೊದಲು ತಾಯಿಯನ್ನು ಬರೆಯಬೇಕು. ಅದನ್ನೇ ಅಷ್ಟಷ್ಟು ಹಿಗ್ಗಿಸಿ, ಅಷ್ಟಷ್ಟು ಕುಗ್ಗಿಸಿ ಮಿಕ್ಕ ಸೈಜುಗಳನ್ನು ತೆಗೆಯಬೇಕು, ಅವು 'ಮಕ್ಕಳು'. ತಾಯಿಯಲ್ಲಿ ಒಂದು ಗೆರೆ ಸೊಟ್ಟಗಾದರೆ ಮಕ್ಕಳೆಲ್ಲ ಸೊಟ್ಟಗೇ ಹುಟ್ಟುತ್ತಿದ್ದವು.

ಕತ್ತರಿಯಕ್ಕನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಒಬ್ಬಳು ತಂಗಿ ಇದ್ದಳು. ಅಮ್ಮ ಕಣ್ಣು ಮುಚ್ಚಿದಾಗ ಆ ತಂಗಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಕೂಸು. ಅವಳನ್ನು ಒಂದು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೊಂದು ತೊಡೆಯ ಮೇಲೆ ಬಟ್ಟೆ ಇಟ್ಟುಕೊಂಡು ಅಕ್ಕ ಹೊಲಿಗೆ ಕಲಿತಳು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ತಂಗಿ ಯಾರದೋ ಸೈಕಲ್ಲು ಹತ್ತಿ, ಇಳಿಯುವುದು ಹೇಗೆಂದು ಗೊತ್ತಿಲ್ಲದೆ ಬಿದ್ದು, ಎಡಭುಜದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಆದರೆ ಮೊದಲಿನ ಜಾಗದಲ್ಲಿ ಅಲ್ಲ. ಎಡಭುಜ ಅರ್ಧ ಬೆರಳಿನ ಅಗಲದಷ್ಟು ಕೆಳಗೆ ನಿಂತಿತು. ದಾರಿಹೋಕರ ಕಣ್ಣಿಗೆ ಕಾಣುವಂಥದ್ದಲ್ಲ, ಹೊಲಿಯುವವಳ ಕಣ್ಣಿಗೆ ಕಾಣದಿರುವಂಥದ್ದೂ ಅಲ್ಲ. ಅಕ್ಕ ಅವಳನ್ನು 'ತಕ್ಕಡಿ' ಎಂದು ಕರೆಯತೊಡಗಿದಳು. ತಂಗಿ ಅದಕ್ಕೆಲ್ಲ ಮುಖ ಊದಿಸುವ ಪೈಕಿಯಲ್ಲ. "ತಕ್ಕಡಿ ಯಾವ ಕಡೆ ವಾಲಿದ್ರೂ ಲಾಭ ನಂದೇ ಕಣೇ" ಎಂದು ತಟ್ಟೆಯಲ್ಲಿದ್ದ ಅಕ್ಕನ ಪಾಲಿಗೂ ಕೈ ಹಾಕುತ್ತಿದ್ದಳು.

ಮಿಕ್ಕವರಿಗೆ ಅಂಗಿ ಬರೆಯುವುದು ಸುಲಭ. ಕಾಗದವನ್ನು ನಡುವೆ ಮಡಿಸಿ ಅರ್ಧ ಮೈ ಬರೆದರೆ ಮುಗಿಯಿತು. ಕತ್ತರಿಸಿ ಬಿಚ್ಚಿದರೆ ಇನ್ನರ್ಧ ತಾನಾಗಿಯೇ ಬಂದಿರುತ್ತದೆ. ತಕ್ಕಡಿಗೆ ಹಾಗಲ್ಲ. ಅವಳಿಗೆಂದು ಬರೆಯುವಾಗ ಹಾಳೆಯನ್ನು ಪೂರ್ತಿ ಹರವಿ, ಬಲಕ್ಕೊಂದು ಎಡಕ್ಕೊಂದು ಬೇರೆಬೇರೆಯಾಗಿ ಬರೆದು, ಎಡಭುಜದ ಗೆರೆಯನ್ನು ಅರ್ಧ ಬೆರಳು ಇಳಿಸಬೇಕಿತ್ತು. ಅಂಗಿ ಹೊಲಿದು ತೊಡಿಸಿದ ಮೇಲೆ ಅಕ್ಕ ಅವಳ ಹಿಂದೆ ನಿಂತು ಎರಡು ಭುಜಗಳ ಮೇಲೂ ಅಂಗೈ ಸವರಿ ನೋಡುತ್ತಿದ್ದಳು. ಎಡಗೈ ಒಂಚೂರು ಕೆಳಗೆ ಹೋಗಿ ನಿಲ್ಲುತ್ತಿತ್ತು. ಬಟ್ಟೆಯೂ ಅಲ್ಲಿಯವರೆಗೆ ಕೈಯ ಜೊತೆಗೇ ಬಂದಿದ್ದರೆ, "ಸರಿಯಾಗಿದೆ, ಹೋಗು" ಎಂದು ಬೆನ್ನಿಗೊಂದು ತಟ್ಟುತ್ತಿದ್ದಳು.

ಆ ತಕ್ಕಡಿ ಬೆಳೆದು ಸೈನ್ಯ ಸೇರಿದಳು. ಪರೀಕ್ಷೆ ಮಾಡಿದ ಡಾಕ್ಟರು ಭುಜ ನೋಡಿ ಹುಬ್ಬೇರಿಸಿ, ಕೈ ಎತ್ತಿಸಿ, ಭಾರ ಹೊರಿಸಿ, ಕೊನೆಗೆ ಹೂಂ ಎಂದರಂತೆ. ಪ್ರತಿ ರಜೆಯಲ್ಲೂ ಯೂನಿಫಾರ್ಮನ್ನು ತಂದು ಅಕ್ಕನ ಮಡಿಲಿಗೆ ಹಾಕುವಳು. ಅಕ್ಕ ದಾಸ್ತಾನಿನವರಿಗೆ ಸಹಸ್ರನಾಮ ಹೇಳುತ್ತ ಅದನ್ನು ಪೂರ್ತಿ ಬಿಚ್ಚಿ, ತೋಳು ಗಿಡ್ಡ ಮಾಡಿ, ಭುಜ ಇಳಿಸಿ, ಮತ್ತೆ ಹೊಲಿಯುವಳು. "ನನ್ನ ಅಂಗಿ ನೋಡಿ ಎಲ್ಲರಿಗೂ ಹೊಟ್ಟೆಕಿಚ್ಚು ಕಣಕ್ಕಾ" ಎಂದು ತಂಗಿ ಕನ್ನಡಿಯೆದುರು ಹಿಂದೆ ಮುಂದೆ ತಿರುಗುವಳು. ಎಲ್ಲ ಹುಡುಗಿಯರಿಗೂ ಅಕ್ಕ ಇರುವುದಿಲ್ಲ, ಇದ್ದರೂ ಕೈಯಲ್ಲಿ ಕತ್ತರಿ ಇರುವುದಿಲ್ಲ.

ಒಂದು ಬೆಳಿಗ್ಗೆ ಗುಡ್ಡದ ತಿರುವಿನಲ್ಲಿ ಲಾರಿ ಉರುಳಿತು. ಯುದ್ಧವಲ್ಲ, ಶತ್ರುವಲ್ಲ, ಬರೀ ಕುಸಿದ ರಸ್ತೆ. ತಂಗಿಯನ್ನು ಪೆಟ್ಟಿಗೆಯಲ್ಲಿ ಮನೆಗೆ ತಂದರು. ತೊಟ್ಟಿದ್ದ ಅಂಗಿ ಹಾಳಾಗಿದ್ದರಿಂದ ದಾಸ್ತಾನಿನಿಂದ ಹೊಸದೊಂದನ್ನು ತೆಗೆದು, ಇಸ್ತ್ರಿ ಮಾಡಿ ತೊಡಿಸಿದ್ದರು. ಯಾರೋ ಮುತುವರ್ಜಿಯಿಂದಲೇ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕತ್ತರಿಯಕ್ಕನ ಕಣ್ಣಿಗೆ ತಂಗಿಯ ಮುಖಕ್ಕಿಂತ ಮೊದಲು ಬಿದ್ದದ್ದು ತೋಳು. ತೋಳು ಉದ್ದವಾಗಿದ್ದರಿಂದ ಮಡಿಸಿ, ಒಳಗಿನಿಂದ ಪಿನ್ನು ಹಾಕಿದ್ದರು. ಎಡಭುಜದ ಮೇಲೆ ಬಟ್ಟೆ ಉಬ್ಬಿ ನಿಂತಿತ್ತು.

"ಕತ್ತರಿ ಕೊಡ್ರಿ" ಎಂದಳು ಗಂಡನಿಗೆ. "ಸೂಜಿ ದಾರ ತನ್ನಿ. ಈಗ ಸರಿ ಮಾಡ್ಬಿಡ್ತೀನಿ."

ಗಂಡ ಅವಳ ಕೈ ಹಿಡಿದುಕೊಂಡ. "ಬೇಡ ಕಣೇ. ಈಗ ಬೇಡ."

"ಈಗ ಬೇಡ ಅಂದ್ರೆ ಇನ್ನು ಯಾವಾಗ್ರೀ?"

ಅವನು ಹಿಡಿದ ಕೈ ಬಿಡಲಿಲ್ಲ. ನೆರೆದವರು, ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡರು. ತಂಗಿ ಯಾರದೋ ಅಂಗಿಯಲ್ಲಿ, ಮಡಿಸಿದ ತೋಳಿನಲ್ಲಿ ಹೋದಳು.

ಅದಾದ ಮೇಲೆ ಕತ್ತರಿಯಕ್ಕ ತಿಂದಳು, ಮಲಗಿದಳು, ಕೆಲಸಕ್ಕೆ ಹೋದಳು. ಆದರೆ ಯಾವುದರಲ್ಲೂ ಅವಳಿರಲಿಲ್ಲ. ಹೆಂಗಸರಿಗೇ ಬೇರೆ ಸೈಜು ಮಾಡುವ ಬಗ್ಗೆ ಒಂದು ಸಮಿತಿ ಆಗಿದೆ ಎಂಬ ಸುದ್ದಿ ಬಂದಾಗ ಮಾತ್ರ ತಲೆ ಎತ್ತಿದಳು. ಸಮಿತಿಯ ಹೊಣೆ ಹೊತ್ತಿದ್ದ ಮೇಜರ್ ಮೇಡಂ ಕಾರ್ಖಾನೆಗೆ ಬಂದ ದಿನವೇ ಅವರ ಮುಂದೆ ಹೋಗಿ ನಿಂತು, "ತಾಯಿನ ನಾನು ಬರೀತೀನಿ" ಎಂದಳು. ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಕಟಿಂಗ್ ಮೇಷ್ಟ್ರು ಬಿಡಿಸಿ ಹೇಳಿದರು. ತಂಗಿಯ ವಿಷಯವನ್ನೂ ಹೇಳಿದರು, ಸ್ವಲ್ಪ ತಗ್ಗಿದ ದನಿಯಲ್ಲಿ. "ಆಯ್ತಮ್ಮ, ನೀವೇ ಮಾಡಿ" ಎಂದರು ಮೇಡಂ.

ಈ ಮಾತು ದಾಸ್ತಾನು ಸಾಹೇಬರಿಗೆ ಹಿಡಿಸಲಿಲ್ಲ. ಸಮಿತಿಯಲ್ಲಿ ಅವರದು ಎರಡನೆಯ ಕುರ್ಚಿ. "ಇರೋ ಸೈಜಲ್ಲೇ ತೋಳು ಒಂದಿಷ್ಟು ಕತ್ತರಿಸಿದ್ರೆ ಆಯ್ತಪ್ಪ. ಇದಕ್ಕೆಲ್ಲ ಸಮಿತಿ ಬೇಕಾ?" ಎಂಬುದು ಅವರ ವಾದ. ಹೊಸ ಸೈಜು ಎಂದರೆ ಹೊಸ ಕಪಾಟು, ಹೊಸ ಲೆಕ್ಕ, ಹೊಸ ತಲೆನೋವು. ಕೊನೆಗೆ ಒಂದು ಒಪ್ಪಂದವಾಯಿತು. ಹೊಸ ಸೈಜಿನ ಅಂಗಿಗಳನ್ನು ಹುಡುಗಿಯರಿಗೆ ತೊಡಿಸಿ ನೋಡುವುದು. ಚೆನ್ನಾಗಿ ಕೂತರೆ ಸರಿ, ಕೂರದಿದ್ದರೆ ಸಾಹೇಬರು ಹೇಳಿದಂತೆ ಗಂಡಸರ ಸೈಜಿಗೇ ಕತ್ತರಿ ಹಾಕಿ ಕೈತೊಳೆದುಕೊಳ್ಳುವುದು. ಕೂರದಿದ್ದರೆ ಮುಂದೆಯೂ ಹುಡುಗಿಯರು ತೋಳು ಮಡಿಸುತ್ತಲೇ ಇರುತ್ತಾರೆ ಎಂಬುದು ಕತ್ತರಿಯಕ್ಕನಿಗೆ ಗೊತ್ತಿತ್ತು. ಕೆಲವರನ್ನು ಮಡಿಸಿದ ತೋಳಿನಲ್ಲೇ ಮನೆಗೆ ತರುತ್ತಾರೆ ಎಂಬುದೂ ಗೊತ್ತಿತ್ತು.

ಅಳತೆಗೆಂದು ಬೇರೆಬೇರೆ ದಳಗಳಿಂದ ಹುಡುಗಿಯರು ಬಂದರು. ಕಾರ್ಖಾನೆಯ ಊಟದ ಹಾಲಿಗೆ ಪರದೆ ಕಟ್ಟಿ, ಕತ್ತರಿಯಕ್ಕ ಕುತ್ತಿಗೆಗೆ ಟೇಪು ಹಾಕಿಕೊಂಡು ನಿಂತಳು. ಎದೆ, ಸೊಂಟ, ಸೀಟು, ತೋಳು, ಭುಜ, ಬೆನ್ನು. ಒಬ್ಬೊಬ್ಬಳದು ಒಂದೊಂದು ಕತೆ. ವೈರ್‌ಲೆಸ್ಸಿನ ಹುಡುಗಿಗೆ ಎದೆಯ ಜೇಬು ಕಂಕುಳಿಗೆ ಹೋಗಿ ಕೂತಿತ್ತು. "ಪೆನ್ನು ತೆಗೀವಾಗ ಸಾಹೇಬ್ರು ನನಗೆ ತುರಿಕೆ ಅಂದ್ಕೋತಾರೆ ಅಕ್ಕಾ" ಎಂದಳು. ಲಾರಿ ಓಡಿಸುವ ಡ್ರೈವರ್ ಹುಡುಗಿ ಬಂದದ್ದೇ ಎರಡು ಕೈ ಮುಂದೆ ಚಾಚಿ, "ನೋಡಿ, ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ತೋಳು ಬಿಚ್ಕೊಂಡು ಗೇರಿಗೆ ಸಿಕ್ಕಾಕೊಳ್ಳುತ್ತೆ" ಎಂದಳು. ಮಾತಾಡುತ್ತಿರುವಾಗಲೇ ಅವಳ ಬೆರಳುಗಳು ಜಾರಿದ ತೋಳನ್ನು ಮತ್ತೆ ಮೇಲಕ್ಕೆ ಮಡಿಸುತ್ತಿದ್ದವು. ಅದು ಅವಳಿಗೆ ಗೊತ್ತೂ ಇರಲಿಲ್ಲ. ಕತ್ತರಿಯಕ್ಕ ಆ ಬೆರಳುಗಳನ್ನೇ ನೋಡುತ್ತ, ಬರೆದುಕೊಳ್ಳಬೇಕಾದ ಅಂಕಿ ಮರೆತು ಎರಡನೆಯ ಸಲ ಅಳೆದಳು.

ಅಳತೆ ಮುಗಿಯಿತು. ಸರಾಸರಿ ತೆಗೆದದ್ದಾಯಿತು. ಕತ್ತರಿಯಕ್ಕ ದೊಡ್ಡ ಮೇಜಿನ ಮೇಲೆ ಹೊಸ ಹಾಳೆ ಹರವಿ ತಾಯಿಯನ್ನು ಬರೆದಳು. ಅಷ್ಟು ದಿನಗಳ ಮೇಲೆ ಅವತ್ತು ಕೈಗೆ ಜೀವ ಬಂದಿತ್ತು. ಒಂದು ಗೆರೆಯನ್ನೂ ಅಳಿಸಲಿಲ್ಲ. ಅಕ್ಕಪಕ್ಕ ಯಾರು ಬಂದರು ಹೋದರು ಎಂಬುದರ ಪರಿವೆ ಇರಲಿಲ್ಲ, ಸಣ್ಣಗೆ ಗುನುಗುತ್ತ ಕೂಡ ಇದ್ದಳಂತೆ. ಸಂಜೆಗೆ ತಾಯಿ ಸಿದ್ಧವಾಯಿತು. ಮುಂದಿನ ದಿನಗಳಲ್ಲಿ ಮಕ್ಕಳೂ ಹುಟ್ಟಿದವು. ಬಟ್ಟೆ ಕತ್ತರಿಸಿ, ಹೊಲಿದು, ಗುಂಡಿ ಹಚ್ಚಿ, ಅಂಗಿಗಳನ್ನು ಸಾಲಾಗಿ ನೇತುಹಾಕಿದಾಗ ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ಈ ಕೈಗೆ ದೃಷ್ಟಿ ಆಗ್ದೆ ಇರ್ಲಿ ಕಣಮ್ಮ" ಎಂದರು.

ತೊಡಿಸಿ ನೋಡುವ ದಿನ ಕಾರ್ಖಾನೆಯ ಅಂಗಳದಲ್ಲಿ ಹುಡುಗಿಯರು ಹೊಸ ಅಂಗಿಯಲ್ಲಿ ಸಾಲುಗಟ್ಟಿದರು. ದೂರದಿಂದ ನೋಡಲು ಚೆಂದವಾಗಿತ್ತು. ಜೇಬು ಜೇಬಿನ ಜಾಗದಲ್ಲಿತ್ತು, ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು. ಮೇಜರ್ ಮೇಡಂ ಒಬ್ಬೊಬ್ಬರ ಮುಂದೆ ನಿಂತು ನೋಡುತ್ತ ಬಂದರು. ವೈರ್‌ಲೆಸ್ಸಿನ ಹುಡುಗಿಯ ಎಡಗಡೆ ಕಾಲರು ಕುತ್ತಿಗೆಯಿಂದ ಎದ್ದು ನಿಂತಿತ್ತು; ಕೈಯಿಂದ ಒತ್ತಿದರು, ಮತ್ತೆ ಎದ್ದಿತು. ಪಕ್ಕದವಳದೂ ಹಾಗೆಯೇ. ಅವಳ ಪಕ್ಕದವಳದೂ. ಎಲ್ಲರ ಎಡಭುಜದ ತುದಿಯಲ್ಲೂ ಬಟ್ಟೆ ಬಿಗಿಯಾಗಿ, ಅಲ್ಲಿಂದ ಕುತ್ತಿಗೆಯ ಕಡೆಗೆ ಓರೆ ನೆರಿಗೆ ಬಿದ್ದಿತ್ತು.

"ಕೈ ಎತ್ತಿ" ಎಂದರು ಮೇಡಂ. ಬಲಗೈಗಳು ಸಲೀಸಾಗಿ ಎದ್ದವು. ಎಡಗೈಗಳು ಅರ್ಧಕ್ಕೇ ಹಿಡಿದವು.

"ಹಳೇದಕ್ಕಿಂತ ಎಷ್ಟೋ ವಾಸಿ ಮೇಡಂ" ಎಂದಳು ಡ್ರೈವರ್ ಹುಡುಗಿ, ಕತ್ತರಿಯಕ್ಕನ ಮುಖ ನೋಡಲಾರದೆ. "ಎಡಗೈ ಮಾತ್ರ ಸ್ವಲ್ಪ…"

ದಾಸ್ತಾನು ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಸಣ್ಣಗೆ ಕೆಮ್ಮಿದರು. ಕೆಲವರ ಕೆಮ್ಮು ಒಂದು ಭಾಷಣಕ್ಕೆ ಸಮ. ಮೇಡಂ ಸಮಿತಿಯವರ ಕಡೆ ತಿರುಗಿ, ವಾರದ ಕೊನೆಯಲ್ಲಿ ಇನ್ನೊಂದು ಸಲ ನೋಡೋಣ, ಅದೇ ಕೊನೆ ಎಂದರು.

ಕತ್ತರಿಯಕ್ಕ ಮೊದಲು ಒಪ್ಪಲಿಲ್ಲ. ಹುಡುಗಿಯರೇ ಸೊಟ್ಟ ನಿಂತಿದ್ದಾರೆ ಎಂದಳು. ಬಂದೂಕು ಹೊತ್ತು ಹೊತ್ತು ಭುಜ ಏರುಪೇರಾಗಿರುತ್ತದೆ ಎಂದಳು. ಟೇಪು ಹಿಡಿದು ಎಲ್ಲರನ್ನೂ ಮತ್ತೆ ಅಳೆದಳು. ಎಲ್ಲರ ಭುಜವೂ ಸಮವಾಗಿತ್ತು. ಹೊಲಿದವರ ಮೇಲೆ ರೇಗಿದಳು, ಅವರು ಹೊಲಿಗೆ ಬಿಚ್ಚಿ ತೋರಿಸಿದರು. ಹೊಲಿಗೆಯಲ್ಲಿ ದೋಷವಿರಲಿಲ್ಲ. ಕೊನೆಗೆ ಮೇಷ್ಟ್ರು ಮೊಳೆಗೆ ನೇತುಹಾಕಿದ್ದ ತಾಯಿ ಪ್ಯಾಟರ್ನನ್ನು ಇಳಿಸಿ, ಬೆನ್ನಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ನೀನು ಕಾಗದ ಮಡಿಸಿಲ್ಲ ಕಣಮ್ಮ."

"ಮಡಿಸ್ದೆ ಇರ್ತೀನಾ ಮೇಷ್ಟ್ರೇ? ನಿನ್ನೆ ಮೊನ್ನೆ ಕೆಲಸಕ್ಕೆ ಬಂದವಳಾ ನಾನು?"

"ನಡುವೆ ಮಡಿಕೆ ಗುರುತೇ ಇಲ್ಲ, ನೋಡು."

ಅವರು ಬೆನ್ನಿನ ತುಂಡನ್ನು ನಡುವಿಗೆ ಸರಿಯಾಗಿ ಮಡಿಸಿದರು. ಅಂಚಿಗೆ ಅಂಚು ಕೂಡಿತು, ಕಂಕುಳಿಗೆ ಕಂಕುಳು ಕೂಡಿತು. ಭುಜ ಕೂಡಲಿಲ್ಲ. ಎಡಗಡೆಯ ಗೆರೆ ಅರ್ಧ ಬೆರಳು ಕೆಳಗಿತ್ತು.

ಕತ್ತರಿಯಕ್ಕ ಮೇಜಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕೂತಳು. ಮೇಷ್ಟ್ರಿಗೆ ಅವಳ ತಂಗಿ ಗೊತ್ತು, ತಂಗಿಯ ಭುಜವೂ ಗೊತ್ತು. ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಏನೋ ಕೆಲಸವಿದ್ದವರಂತೆ ಹೊರಗೆ ಹೋದರು. ಅಂಕಿಗಳೆಲ್ಲ ಅಳತೆಗೆ ಬಂದ ಹುಡುಗಿಯರವೇ, ಅದರಲ್ಲಿ ಮೋಸವಿಲ್ಲ. ಆದರೆ ಗೆರೆ ಎಳೆದ ಕೈ ಮಾತ್ರ ಅಷ್ಟು ವರ್ಷಗಳಿಂದ ಸೈನ್ಯದ ಒಬ್ಬಳೇ ಹುಡುಗಿಗೆ ಅಂಗಿ ಬರೆದು ಗೊತ್ತಿದ್ದ ಕೈ. ಹಾಳೆ ಹರವಿದ ಕೂಡಲೇ ಅದು ಯಾರನ್ನೂ ಕೇಳದೆ ತನಗೆ ಗೊತ್ತಿದ್ದವಳನ್ನು ಬರೆದುಬಿಟ್ಟಿತ್ತು. ಅವತ್ತು ಕೈಗೆ ಜೀವ ಬಂದಂತಾಗಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

ಮೇಜರ್ ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ಬೈಯಲಿಲ್ಲ. "ಸರಿ ಮಾಡೋಕಾಗುತ್ತಾ?" ಎಂದು ಮಾತ್ರ ಕೇಳಿದರು.

"ಆಗುತ್ತೆ ಮೇಡಂ. ಅರ್ಧ ಬೆರಳಿನ ಕೆಲಸ."

ಹೇಳಿದ್ದು ಸುಲಭ. ಮೇಜಿನ ಮುಂದೆ ಬಂದು ಪೆನ್ಸಿಲ್ಲು ಹಿಡಿದರೆ ಕೈ ಏಳಲಿಲ್ಲ. ಪೆನ್ಸಿಲ್ಲು ಕೆತ್ತಿದಳು, ಸ್ಕೇಲು ಒರೆಸಿದಳು, ಮತ್ತೆ ಪೆನ್ಸಿಲ್ಲು ಕೆತ್ತಿದಳು. ಕೊನೆಗೆ ಪ್ಯಾಟರ್ನನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು.

ಮನೆಯಲ್ಲಿ ತಂಗಿ ಕಳೆದ ರಜೆಯಲ್ಲಿ ಬಿಟ್ಟುಹೋಗಿದ್ದ ಒಂದು ಅಂಗಿ ಇತ್ತು. ಬೀರುವಿನಿಂದ ತೆಗೆದು ನೆಲದ ಮೇಲೆ ಹರವಿ, ಅದರ ಮೇಲೆ ಕಾಗದದ ಬೆನ್ನನ್ನು ಇಟ್ಟಳು. ಭುಜಕ್ಕೆ ಭುಜ ಕೂತಿತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಚಹಾ ತಂದ ಗಂಡ ಲೋಟವನ್ನು ಕೆಳಗಿಟ್ಟು ಪಕ್ಕದಲ್ಲೇ ಕೂತ.

"ಇದು ಅವಳಿಗೆ ಆಗ್ತಿತ್ತಾ?" ಎಂದು ಕೇಳಿದ.

"ಆಗ್ತಿತ್ತು. ತೋಳು ಮಡಿಸಬೇಕಾಗೇ ಇರ್ಲಿಲ್ಲ." ಆಮೇಲೆ ನಕ್ಕಳು. "ಸೈನ್ಯದ ಹೆಂಗಸರಿಗೆಲ್ಲ ನಮ್ಮ ತಕ್ಕಡಿ ಅಂಗಿ ತೊಡಿಸೋಕೆ ಹೊರಟಿದ್ದೆ ಕಣ್ರೀ."

ಗಂಡನೂ ನಕ್ಕ. ನಗು ಮುಗಿಯುವ ಮೊದಲೇ ಅವಳು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಿದ್ದಳು. ಪೆಟ್ಟಿಗೆ ಬಂದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಅವನು ಬೆನ್ನು ಸವರುತ್ತ ಕೂತ. ಚಹಾ ಆರಿ ಕೆನೆಗಟ್ಟಿತು.

"ಕಾಗದದಲ್ಲಾದ್ರೂ ಇದ್ದಳು ಕಣ್ರೀ" ಎಂದಳು ಕೊನೆಗೆ. "ನಾನೇ ತೆಗೀಬೇಕು ಈಗ."

"ನಾನು ಹೋಗಿ ಮೇಷ್ಟ್ರಿಗೆ ಹೇಳ್ಲಾ? ಅವರೇ ಬರೀತಾರೆ."

ಅವಳು ಅಡ್ಡಡ್ಡ ತಲೆಯಾಡಿಸಿದಳು. "ಬೇಡ. ಅವಳ ಬಟ್ಟೆಗೆ ಇನ್ನೊಬ್ಬರು ಕತ್ತರಿ ಹಾಕೋದು ಬೇಡ."

ಮರುದಿನ ಕೆಲಸದವರು ಬರುವ ಮೊದಲೇ ಬಂದಳು. ಹೊಸ ಹಾಳೆ ತೆಗೆದು ನಡುವಿಗೆ ಮಡಿಸಿದಳು. ಹೆಬ್ಬೆರಳಿನಿಂದ ಮಡಿಕೆಯನ್ನು ಮೇಲಿಂದ ಕೆಳಗೆ ಒತ್ತಿ ತಿಕ್ಕಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದಳು. ಅರ್ಧ ಮೈ ಬರೆದಳು. ಕತ್ತರಿಸಿದಳು. ಬಿಚ್ಚಿದಾಗ ಎರಡು ಭುಜವೂ ಒಂದೇ ಎತ್ತರದಲ್ಲಿದ್ದವು, ಯಾವ ತೊಂದರೆಯೂ ಇಲ್ಲದ, ಯಾರದೂ ಅಲ್ಲದ ಭುಜಗಳು.

ಆ ಕಾರ್ಖಾನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ತಪ್ಪಿದ ಪ್ಯಾಟರ್ನನ್ನು ಹಾಗೇ ಇಡುವಂತಿಲ್ಲ. ಯಾರಾದರೂ ಗೊತ್ತಿಲ್ಲದೆ ಎತ್ತಿ ಬಳಸಿಯಾರೆಂದು ಅದನ್ನು ಕುತ್ತಿಗೆಯಿಂದ ಕೆಳಗೆ ಸೀಳಿಬಿಡಬೇಕು. ಮೇಷ್ಟ್ರು ಬಂದಾಗ ಹಳೆಯ ತಾಯಿ ಮೇಜಿನ ಮೇಲೆ ಹರವಿಕೊಂಡೇ ಇತ್ತು. ಅವರು ನೋಡಿಯೂ ನೋಡದಂತೆ, "ಇರ್ಲಿ ಬಿಡಮ್ಮ, ಮನೆಗೆ ತಗೊಂಡು ಹೋಗು. ಯಾರು ಕೇಳ್ತಾರೆ" ಎಂದರು.

"ಯಾರಿಗೆ ಅಂತ ತಗೊಂಡು ಹೋಗ್ಲಿ ಮೇಷ್ಟ್ರೇ? ಆಗೋವಳು ಒಬ್ಬಳೇ ಇದ್ದಳು."

ಕುತ್ತಿಗೆಗೆ ಕತ್ತರಿ ಇಟ್ಟು ಕೆಳಗಿನವರೆಗೆ ಒಂದೇ ಸಲಕ್ಕೆ ಸೀಳಿದಳು. ಆಮೇಲೆ ಹೊರಗಿನ ನಲ್ಲಿಯ ಹತ್ತಿರ ಹೋಗಿ ತುಂಬ ಹೊತ್ತು ಮುಖ ತೊಳೆದಳು.

ವಾರದ ಕೊನೆಗೆ ಸಮಿತಿ ಮತ್ತೆ ಸೇರಿತು. ಹುಡುಗಿಯರು ಕೈ ಎತ್ತಿದರು, ಬಗ್ಗಿದರು, ಓಡಿದರು, ಬಂದೂಕು ಹೆಗಲಿಗೇರಿಸಿದರು. ಕಾಲರುಗಳು ಕುತ್ತಿಗೆಗೆ ಅಂಟಿ ಕೂತಿದ್ದವು. ದಾಸ್ತಾನು ಸಾಹೇಬರು ಈ ಸಲ ಕೆಮ್ಮಲಿಲ್ಲ, ಕಪಾಟುಗಳನ್ನು ಎಲ್ಲಿ ಇಡುವುದೆಂದು ಮೇಡಂ ಹತ್ತಿರ ಗೊಣಗತೊಡಗಿದರು. ಅಂದರೆ ಒಪ್ಪಿದಂತೆಯೇ.

ಎಲ್ಲ ಮುಗಿದ ಮೇಲೆ ಡ್ರೈವರ್ ಹುಡುಗಿ ಕತ್ತರಿಯಕ್ಕನ ಮೇಜಿನ ಹತ್ತಿರ ಬಂದಳು. ಮಾತಾಡುತ್ತ ಆಡುತ್ತ ಅವಳ ಬೆರಳುಗಳು ಅಭ್ಯಾಸದಿಂದ ತೋಳಿನ ತುದಿಗೆ ಹೋಗಿ ಮಡಿಸಲು ನೋಡಿದವು. ಮಡಿಸಲು ಅಲ್ಲಿ ಬಟ್ಟೆಯೇ ಇರಲಿಲ್ಲ. ಅವಳು ತಡೆದು ತನ್ನ ಕೈಯನ್ನೇ ನೋಡಿಕೊಂಡಳು.

"ಏನೋ ಕಳಕೊಂಡ ಹಾಗಾಗುತ್ತೆ ಅಕ್ಕಾ" ಎಂದು ನಕ್ಕಳು.

"ರೂಢಿ ಆಗುತ್ತೆ" ಎಂದಳು ಕತ್ತರಿಯಕ್ಕ. "ತಿರುಗು, ಬೆನ್ನು ನೋಡ್ತೀನಿ."

ಹುಡುಗಿ ತಿರುಗಿ ನಿಂತಳು. ಕತ್ತರಿಯಕ್ಕ ಅವಳ ಹಿಂದೆ ನಿಂತು ಎರಡು ಭುಜಗಳ ಮೇಲೂ ಅಂಗೈ ಸವರಿದಳು. ಎಡಗೈ ಕೆಳಗಿಳಿಯಲು ತಡಕಾಡಿತು. ಇಳಿಯಲು ಜಾಗವಿರಲಿಲ್ಲ. ಎರಡು ಕೈಗಳೂ ಒಂದೇ ಎತ್ತರದಲ್ಲಿ ನಿಂತವು, ಬಟ್ಟೆ ಕೈಯ ಜೊತೆಗೇ ಬಂದಿತ್ತು.

"ಸರಿಯಾಗಿದೆಯಾ ಅಕ್ಕಾ?" ಎಂದು ಹುಡುಗಿ ಮುಂದೆ ನೋಡುತ್ತಲೇ ಕೇಳಿದಳು.

"ಸರಿಯಾಗಿದೆ" ಎಂದಳು ಕತ್ತರಿಯಕ್ಕ. 'ಹೋಗು' ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹುಡುಗಿ ಕಾಯುತ್ತ ಹಾಗೆಯೇ ನಿಂತಿದ್ದಳು.